ಕಮಿಷನ್ ಎಷ್ಟು, ಗಾಡಿ ಎಲ್ಲಿ?

ಬೆಂಗಳೂರಿನವರು ಆಟೊ ಆ್ಯಪ್ ‘ನಮ್ಮ ಯಾತ್ರಿ’ ನಮ್ಮದೇ ಅಂತ ಬೀಗುತ್ತೇವಲ್ಲ, ಅದರ ಅಣ್ಣ ಇರೋದು ಕೊಚ್ಚಿಯಲ್ಲಿ. ಚಾಲಕರಿಂದ ಕಮಿಷನ್ ಕೀಳದ ‘ಯಾತ್ರಿ’ ಮೊದಲು ಓಡಿದ್ದು ಅಲ್ಲೇ.

ತಿರುವನಂತಪುರದಲ್ಲಂತೂ ಸರ್ಕಾರವೇ ಕಣಕ್ಕಿಳಿಯಿತು. 2022ರ ಆಗಸ್ಟ್ 17, ಚಿಂಗಂ ಮಾಸದ ಮೊದಲ ದಿನ, ‘ಕೇರಳ ಸವಾರಿ’ ಆ್ಯಪ್ ಶುರು. ಆಗ ಇದ್ದದ್ದು ಸರ್ಕಾರ ನಿಗದಿ ಮಾಡಿದ ದರ, ಅದರ ಮೇಲೆ ಸೇವಾ ಶುಲ್ಕ ಶೇ. 8 ಮಾತ್ರ. 200 ರೂಪಾಯಿ ಬಾಡಿಗೆಗೆ 16 ರೂಪಾಯಿ. ಅದೇ ಶೇ. 25 ಕಮಿಷನ್ ಆದರೆ 50 ರೂಪಾಯಿ ಹೋಯಿತು.

ಲೆಕ್ಕ ನ್ಯಾಯವಾಗಿಯೇ ಇತ್ತು. ಆದರೆ ಸಂಜೆ ಮಳೆಯಲ್ಲಿ ಅಲ್ಲಿನ ಪಟ್ಟಂ ಜಂಕ್ಷನ್ನಿನಲ್ಲಿ ಕೊಡೆ ಹಿಡಿದು ನಿಂತವರು ಕಮಿಷನ್ ನೋಡೋದಿಲ್ಲ, ಯಾವ ಆ್ಯಪ್‌ನಲ್ಲಿ ಗಾಡಿ ಬೇಗ ಬರುತ್ತೆ ಅಂತ ನೋಡ್ತಾರೆ. ಜನ ಇಲ್ಲದ ಕಡೆ ಚಾಲಕರೂ ಕಾಯೋದಿಲ್ಲ.

ಕಮಿಷನ್ ಇಳಿಸೋಕೆ ತಾಂಜಾನಿಯಾ ಇನ್ನೊಂದು ದಾರಿ ಹಿಡಿದಿತ್ತು. ಅದೇ 2022ರಲ್ಲಿ ಕಮಿಷನ್ ಶೇ. 15 ದಾಟಬಾರದು ಅಂತ ಅಲ್ಲಿನ ನಿಯಂತ್ರಕರು ಮಿತಿ ಹಾಕಿದರು. ಊಬರ್ ಸೇವೆಯನ್ನೇ ನಿಲ್ಲಿಸಿತು. ಮಿತಿ ಸಡಿಲಿಸಿದ ಮೇಲೆ ವಾಪಸ್ ಬಂತು.

ಕಂಪನಿ ಎದ್ದು ಹೋದಾಗ ಹತ್ತೋಕೆ ಬೇರೆ ಗಾಡಿ ಇರಬೇಕು. ಕೇರಳದ ಪ್ರಯೋಗಕ್ಕೆ ಬೆಲೆ ಇರೋದು ಅದಕ್ಕೇ.