ಫಾರ್ಮಿನ ಕೊನೇ ಸಾಲು



ನಿನ್ನೆ ಅಂಚೆಯಲ್ಲಿ ನನ್ನ ಹೆಸರಿಗೆ ಒಂದು ಕಾರ್ಡ್ ಬಂತು. ಅಕ್ಯುಪಂಕ್ಚರ್ ಚಿಕಿತ್ಸಕರ ಸಂಘವೊಂದರ ಸದಸ್ಯತ್ವದ ಕಾರ್ಡ್. ಇಷ್ಟಕ್ಕೆಲ್ಲಾ ಪೋಸ್ಟ್ ಯಾಕೆ ಅಂತೀರಾ? ಹೇಳ್ತೀನಿ.

ನಾನು ಆಫೀಸಿನಲ್ಲಿ ಗುಮಾಸ್ತ. ಕೂತೂ ಕೂತೂ ಸೊಂಟ ಹಿಡ್ಕೊಂಡಾಗ ಸೂಜಿ ಚಿಕಿತ್ಸೆಗೆ ಹೋದೆ. ಆಮೇಲೆ ಭಾನುವಾರದ ಕ್ಲಾಸಿಗೆ ಸೇರಿ ಕಲಿತೆ. ಅಲ್ಲಿ ಒಬ್ಬರ ನಾಡಿ ಒಬ್ಬರು ಹಿಡಿದೇ ಕಲಿಯಬೇಕು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಸುಮ್ಮನೆ ಕೂರಬೇಕು. ಮೇಲ್ಜಾತಿಯವರೊಬ್ಬರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ನಲವತ್ತು ದಾಟಿದ ಮೇಲೆ, ಅದೇ ಮೊದಲು.

ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1929ರ ಒಂದು ಘಟನೆ ಕೊಟ್ಟಿದ್ದಾರೆ. ಕಾಠಿಯಾವಾಡದ ದಲಿತ ಮೇಷ್ಟ್ರೊಬ್ಬರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರ್ ಕೇರಿಯೊಳಗೆ ಬರಲಿಲ್ಲ. ಆಕೆಯನ್ನೇ ಹೊರಗೆ ಕರೆತರಿಸಿ, ಥರ್ಮಾಮೀಟರನ್ನು ಒಬ್ಬ ಮುಸ್ಲಿಮರ ಕೈಗೆ ಕೊಟ್ಟ. ಅವರು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್. ಆ ತಾಯಿ ಉಳಿಯಲಿಲ್ಲ.

ಸಂಘದ ಫಾರ್ಮಿನ ಕೊನೇ ಸಾಲು: ಇಬ್ಬರು ಹಳೇ ಸದಸ್ಯರ ಶಿಫಾರಸು ಸಹಿ. ನನ್ನ ನಾಡಿ ಹಿಡಿದಿದ್ದವರ ಹತ್ರಾನೇ ಹೋದೆ. "ಯಾವೂರು? ಊರಲ್ಲಿ ಯಾವ ಬೀದಿ? ಮನೆದೇವ್ರು ಯಾವ್ದು?" ಅಂದ್ರು. ಮುಚ್ಚಿಡದೆ ಹೇಳಿದೆ. "ಪೆನ್ ತಂದಿಲ್ಲ, ಮುಂದಿನ ವಾರ ನೋಡೋಣ" ಅಂದ್ರು. ಜೇಬಲ್ಲಿ ಎರಡು ಪೆನ್ನಿದ್ವು.

ಆ ಮುಂದಿನ ವಾರ ಬರಲೇ ಇಲ್ಲ. ಯಾವ ಅರ್ಜಿ ಕಾಗದ ಕಮ್ಮಿಯಾಗಿ ನಿಲ್ಲುತ್ತೆ, ಯಾವುದು ಬೇರೆ ಕಾರಣಕ್ಕೆ ನಿಲ್ಲುತ್ತೆ ಅನ್ನೋದು ಗುಮಾಸ್ತನಿಗೆ ಗೊತ್ತಿಲ್ವಾ?

ಬಿಟ್ಟುಬಿಡೋಣ ಅನ್ನಿಸಿತ್ತು. ಆಗ ನೆನಪಾದದ್ದು ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆ. 1970ರಲ್ಲಿ ಯಂಗ್ ಲಾರ್ಡ್ಸ್, ಬ್ಲ್ಯಾಕ್ ಪ್ಯಾಂಥರ್ಸ್ ಹೋರಾಟಗಾರರು ಹಟ ಹಿಡಿದು ಅಲ್ಲಿ ಹೆರಾಯಿನ್ ಚಟ ಬಿಡಿಸುವ ಕೇಂದ್ರ ತೆರೆಸಿದರು. ಮುಂದೆ ಅಲ್ಲೇ ಕಿವಿಗೆ ಸೂಜಿ ಹಾಕುವ ಚಿಕಿತ್ಸೆ ಬೆಳೆಯಿತು. ಕಿವಿಯ ಐದು ಬಿಂದುಗಳ ಆ ಪದ್ಧತಿ ಇವತ್ತು ಎಷ್ಟೋ ದೇಶಗಳಲ್ಲಿದೆ. ಸೂಜಿ ಹಿಡಿದವರಲ್ಲಿ ಡಾಕ್ಟರಿಕೆ ಓದದ ಹೋರಾಟಗಾರರೂ ಇದ್ದರು. ಅದೇ ಪ್ಯಾಂಥರ್ ಹೆಸರನ್ನು 1972ರಲ್ಲಿ ಮುಂಬೈನ ನಮ್ಮ ಹುಡುಗರು ತಮ್ಮದಾಗಿಸಿಕೊಂಡರು. ಅವರ ಹಾದಿಯವನು ನಾನು, ಒಂದು ಸಹಿಗೆ ಹೆದರೋದಾ?

ಕ್ಲಾಸಿಗೆ ಬರ್ತಿದ್ದ ಹಿರಿಯ ನರ್ಸಮ್ಮ ಏನೂ ಕೇಳದೆ ಸಹಿ ಹಾಕಿದ್ರು. ಇನ್ನೊಂದು ಸಹಿ ಕಲಿಸಿದ ಮೇಷ್ಟ್ರದ್ದು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಈ ಕಾರ್ಡಿಂದ ನಾನು ಡಾಕ್ಟರ್ ಆಗಲಿಲ್ಲ. ಹೆಸರಿನ ಮುಂದೆ 'ಡಾ.' ಹಾಕಲ್ಲ. ಯಾರ ಶುಗರ್, ಬಿಪಿ ಮಾತ್ರೆಯನ್ನೂ ನಿಲ್ಲಿಸಿ ಅನ್ನಲ್ಲ.

ಮತ್ಯಾಕೆ ಸೇರಿದೆ? ನಾಳೆ ನಮ್ಮ ಕೇರಿಯ ಹುಡುಗಿಯೊಬ್ಬಳು ಅದೇ ಫಾರ್ಮ್ ಹಿಡ್ಕೊಂಡು ಬಂದ್ರೆ, ಸಹಿ ಹಾಕೋಕೆ ಒಬ್ಬ ಹಳೇ ಸದಸ್ಯ ಇರ್ತಾನೆ. ಅವನ ಜೇಬಲ್ಲಿ ಪೆನ್ನಿರುತ್ತೆ. ಯಾವ ಬೀದಿ ಅಂತ ಕೇಳಲ್ಲ.