ತಿರುಗಿದ ಕೊಡೆ

ಹಿಂದ್ಮಾತಾ ಜಂಕ್ಷನ್ನಿನಲ್ಲಿ ನಿಂತ ಮಳೆನೀರಿಗೆ ಇಳಿಯಬಾರದೆಂದು ಮುಂಬಯಿಗೆ ಬಂದ ಮೊದಲ ಮಳೆಗಾಲದಲ್ಲೇ ಕಲಿತಿದ್ದೆ. ಆದರೂ ಪ್ರತಿ ಜುಲೈಯಲ್ಲಿ ಒಮ್ಮೆಯಾದರೂ ಇಳಿಯುತ್ತೇನೆ. ಈ ಸಲ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವಿತ್ತು. ಪರೇಲಿನಿಂದ ನಡೆದೇ ಹೊರಟೆ. ಮೊಣಕಾಲುದ್ದ ನೀರಿನಲ್ಲಿ ಏನೋ ತಗುಲಿ ಕಾಲಿನ ಹೆಬ್ಬೆರಳು ಕೊಯ್ದಿತು. ಅದೇ ಹೊತ್ತಿಗೆ ಗಾಳಿ ಬೀಸಿ ಕೊಡೆ ಮಗುಚಿತು. ಅದೇ ಬಟ್ಟೆ, ಅದೇ ಎಂಟು ಕಡ್ಡಿ. ಆದರೆ ಮಳೆ ತಡೆಯಬೇಕಾದದ್ದು ಬೋಗುಣಿಯ ಹಾಗೆ ಮಳೆ ಹಿಡಿಯುತ್ತ ನಿಂತಿತು.

ಎರಡನೆಯ ದಿನಕ್ಕೆ ಬೆರಳು ಗುಂಡು ಬದನೆಕಾಯಿ. ಡೊಂಬಿವಲಿಯ ನಮ್ಮ ಡಾಕ್ಟರು ಟಿಟಿ ಚುಚ್ಚಿ, ರಕ್ತ ಪರೀಕ್ಷೆಗೆ ಚೀಟಿ ಬರೆದರು. ಸಿಆರ್‌ಪಿ ಎಂಬ ಪ್ರೋಟೀನು 48 ಬಂತು. ಐದರೊಳಗಿರಬೇಕಂತೆ. "ಏನ್ರೀ ಇದು, ಬೆರಳಿಗೂ ಕೊರೊನಾನಾ?" ಎಂದಳು ಹೆಂಡತಿ. ಸಿಆರ್‌ಪಿ ಎಂಬ ಮೂರಕ್ಷರವನ್ನು ನಮ್ಮ ಬಿಲ್ಡಿಂಗಿನವರೆಲ್ಲ ಕಲಿತದ್ದು ಕೊರೊನಾ ಕಾಲದಲ್ಲೇ.

ಕೆಂಪು, ಬಿಸಿ, ಊತ, ನೋವು ಎಂದು ರೋಮಿನ ವೈದ್ಯಲೇಖಕ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಇಂಥ ಬೆರಳಿನ ಲಕ್ಷಣಗಳ ಪಟ್ಟಿ ಮಾಡಿಟ್ಟ. ಕನ್ನಡದ 'ಉರಿಯೂತ' ಒಂದೇ ಪದದಲ್ಲಿ ಅರ್ಧ ಪಟ್ಟಿ ಮುಗಿಸುತ್ತದೆ. ಉಳಿದರ್ಧ ನನ್ನ ಬೆರಳಿನಲ್ಲಿತ್ತು.

ಕಾಲು ಮೇಲಿಟ್ಟು ಕೂತವನಿಗೆ ಓದುವುದು ಬಿಟ್ಟು ಬೇರೇನು ಕೆಲಸ? ನಮ್ಮ ರಕ್ತದಲ್ಲಿ ಸಿ3 ಎಂಬ ಪ್ರೋಟೀನು ಲೀಟರಿಗೆ ಸುಮಾರು ಒಂದು ಗ್ರಾಂ ಇದೆ. ಸುಮ್ಮನೆ ಮಡಚಿಕೊಂಡು ತಿರುಗುತ್ತಿರುತ್ತದೆ, ಚೀಲದೊಳಗಿನ ಕೊಡೆಯಂತೆ. ಅದರ ಹೊಟ್ಟೆಯೊಳಗೆ ಒಂದು ಅಂಟುಕೊಂಡಿ ಅಡಗಿದೆ. ರೋಗಾಣು ಬಂದಾಗ ಸಿ3ಯಿಂದ ಚಿಕ್ಕ ಚೂರೊಂದು ಕತ್ತರಿಸಿ ಬೀಳುತ್ತದೆ. ಅಷ್ಟಕ್ಕೇ ಉಳಿದ ದೇಹವೆಲ್ಲ ಮಗುಚಿ, ಆ ಕೊಂಡಿ ಹೊರಗೆ ಚಾಚುತ್ತದೆ. ಪಕ್ಕದಲ್ಲಿ ರೋಗಾಣು ಸಿಕ್ಕರೆ ಹಿಡಿಯಿತು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಏನೂ ಸಿಗದಿದ್ದರೆ ನೀರು ತಾಗಿ ಕೊಂಡಿ ಸತ್ತಿತು. ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತುವವನಿಗೂ ಇದಕ್ಕಿಂತ ಹೆಚ್ಚು ಪುರುಸೊತ್ತಿದೆ. ಕತ್ತರಿಸಿ ಬಿದ್ದ ಚೂರೂ ಸುಮ್ಮನಿರುವುದಿಲ್ಲ. ಅದರ ಗಲಾಟೆಗೆ ರಕ್ತನಾಳಗಳು ಸಡಿಲಾಗಿ ನೀರು ಜಿನುಗುತ್ತದೆ. ನನ್ನ ಬದನೆಕಾಯಿಯಲ್ಲಿ ಅದರದ್ದೂ ಒಂದು ಪಾಲು.

ಸಿಆರ್‌ಪಿಯದ್ದು ಇನ್ನೊಂದು ಬಗೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡದ್ದು. ತಯಾರಾಗುವುದು ಯಕೃತ್ತಿನಲ್ಲಿ. ರೂಪ ನಮ್ಮ ಬಾಲ್ಕನಿಯ ನಿತ್ಯಪುಷ್ಪದಂತೆ, ಒಂದೇ ತರದ ಐದೆಸಳು. ಗಾಯಗೊಂಡ ಕೋಶದ ಪೊರೆಗೆ ಅಂಟಿದಾಗ ಈ ಹೂ ಸಡಿಲಾಗಿ ಎಸಳೆಸಳಾಗುತ್ತದೆ. ಇಡೀ ಹೂವಿಗಿಂತ ಬಿಡಿ ಎಸಳೇ ಉರಿಯೂತವನ್ನು ಹೆಚ್ಚು ಕೆರಳಿಸುತ್ತದೆ. ಕೂಡು ಕುಟುಂಬ ಒಡೆದ ಮೇಲೆ ಅಣ್ಣತಮ್ಮಂದಿರ ದನಿ ಏರುವುದನ್ನು ನಾವೂ ಕಂಡವರೇ.

ಉರಿಯೂತವನ್ನು ತಾನಾಗಿ ಕರೆಸಿಕೊಂಡವನೂ ಇದೇ ಊರಿನಲ್ಲಿದ್ದ. 1897ರ ಜನವರಿ 10ರಂದು ಹಾಫ್ಕಿನ್ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಬೈಕಲಾದಲ್ಲಿ ತನಗೇ ಚುಚ್ಚಿಸಿಕೊಂಡ. ಜ್ವರ ಬಂತು, ಚುಚ್ಚಿದ ಜಾಗ ನೊಂದಿತು. ಅವನ ಹೆಸರಿನ ಸಂಸ್ಥೆ ಪರೇಲಿನಲ್ಲಿದೆ, ನನ್ನ ಬೆರಳು ಕೊಯ್ದ ಜಾಗಕ್ಕೆ ದೂರವೇನಲ್ಲ. ಅವನಿಗೆ ಸಿ3 ಗೊತ್ತಿರಲಿಲ್ಲ, ಧೈರ್ಯವಿತ್ತು. ನನಗೆ ಎರಡನೆಯದು ಇಲ್ಲ. ಡ್ರೆಸಿಂಗ್ ಬಿಚ್ಚುವಾಗ ಕೂಗಿದ್ದನ್ನು ಕಾಂಪೌಂಡರು ಇನ್ನೂ ಹೇಳಿಕೊಂಡು ನಗುತ್ತಾರೆ.

ಆ 48ರಲ್ಲಿ ಹೂ ಎಷ್ಟು, ಎಸಳು ಎಷ್ಟು? ರಿಪೋರ್ಟಿನಲ್ಲಿ ಇರಲಿಲ್ಲ. ಆ ಪರೀಕ್ಷೆ ಪ್ರಮಾಣ ಅಳೆಯುತ್ತದೆ, ಆಕಾರ ಕೇಳುವುದಿಲ್ಲ. ರಕ್ತದಲ್ಲಿ ಸಿಆರ್‌ಪಿಯ ಅರ್ಧ ಕರಗಲು ಸುಮಾರು 19 ಗಂಟೆ ಸಾಕು; ವಾರ ಕಳೆದು ನೋಡಿದರೆ ನಾಲ್ಕಕ್ಕಿಳಿದಿತ್ತು. ಉಗುರು ಮಾತ್ರ ಹೋಯಿತು. ಕೊಡೆಯನ್ನು ಸ್ಟೇಷನ್ ಹೊರಗಿನ ರಿಪೇರಿಯವನು ಎರಡು ಕಡ್ಡಿ ಬದಲಿಸಿ, ಅರವತ್ತು ರೂಪಾಯಿ ತೆಗೆದುಕೊಂಡು, ಸರಿಮಾಡಿಕೊಟ್ಟ.