ಉಸಿರಿಗೆ ಕಾಯುತ್ತಿದ್ದ ಡೋಲು

ಮದುವೆ ಬ್ಯಾಂಡಿನವರಿಗೆ ಸ್ವಂತದ್ದು ಅಂತ ಏನಿತ್ತು, ರಫಿ ಹಾಡಿದ್ದನ್ನೇ ಅಲ್ಲವೇ ಊದುತ್ತಿದ್ದುದು ಎಂದು ಈಗಿನ ಹುಡುಗರು ಕೇಳುತ್ತಾರೆ. ಡಿಜೆ ಗಾಡಿಯ ಹಿಂದೆ ಕುಣಿದು ಬೆಳೆದವರು ಹೀಗೆ ಕೇಳುವುದು ಸಹಜ. ಇಸಾರದ, ಅಂದರೆ ಮುಂಗಡದ, ಚೀಟಿಯಲ್ಲಿ ತಾರೀಖು, ಆಳುಗಳ ಲೆಕ್ಕ ಇರುತ್ತಿತ್ತೇ ಹೊರತು ಹಾಡನ್ನು ಹೇಗೆ ಊದಿದರು ಎಂಬುದಿರುತ್ತಿರಲಿಲ್ಲ. ಅದಕ್ಕೆ ಕೇಳಿದವರ ಕಿವಿಯೇ ಸಾಕ್ಷಿ. ಆ ಸಾಕ್ಷಿಯನ್ನು ನಂಬಿ ಹೇಳುವುದಾದರೆ, ಹುಲಸೂರ, ಬಸವಕಲ್ಯಾಣ, ಹುಮನಾಬಾದ ಕಡೆಯ ಮದುವೆಗಳಲ್ಲಿ ಹಾಡು ಸಿನಿಮಾದ್ದಾದರೂ ಅದನ್ನು ಹೇಳುವ ರೀತಿ ಊದುವವನದ್ದೇ ಆಗಿತ್ತು. ಹಾಗಾಗುವಂತೆ ಕಲಿಯುವ ಹುಡುಗರನ್ನು ಹುರಿದುಂಬಿಸುವುದು ಬ್ಯಾಂಡ್ ಮಾಸ್ತರರ ಕೆಲಸವೂ ಆಗಿತ್ತು.

ರಫಿಗೆ ಮಾತಿನ ಆಸರೆ ಇತ್ತು. ‘ನೀಲ್ ಕಮಲ್’ (1968) ಚಿತ್ರದಲ್ಲಿ ತಂದೆ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಹಾಡಿದೆಯಲ್ಲ, ಮದುಮಗಳು ಗಾಡಿ ಹತ್ತುವ ಹೊತ್ತಿಗೆ ಅದನ್ನು ಊದದ ಬ್ಯಾಂಡೇ ಈ ಕಡೆ ಇರಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುವ ಗಡಿಯೂರಿನ ಮಂದಿಯಲ್ಲಿ ಆ ಹಾಡಿನ ಮಾತು ಪೂರ್ತಿ ತಿಳಿದವರೂ ಇದ್ದರು, ತಿಳಿಯದವರೂ ಇದ್ದರು. ಕ್ಲಾರಿನೆಟ್ಟಿಗಂತೂ ಮಾತೇ ಇಲ್ಲ. ಮಾತಿಲ್ಲದ ಮೇಲೆ ಎಲ್ಲಿ ಉಸಿರು ಎಳೆಯಬೇಕು, ಯಾವ ಸ್ವರಕ್ಕೆ ಒತ್ತು ಕೊಡಬೇಕು, ಸಾಲಿನ ಕೊನೆಯನ್ನು ಕಡಿಯಬೇಕೋ ಎಳೆಯಬೇಕೋ ಎಂಬುದನ್ನೆಲ್ಲ ಊದುವವನೇ ತೀರ್ಮಾನಿಸಬೇಕು. ಪಳಗಿದ ಕೈಯವನು ಮೇಲಿನ ಸ್ವರಕ್ಕೆ ನೇರವಾಗಿ ಹಾರುತ್ತಿರಲಿಲ್ಲ. ತೂತಿನ ಮೇಲಿನ ಬೆರಳನ್ನು ಪಟ್ಟನೆ ಎತ್ತದೆ ಅಂಚಿಗೆ ಸರಿಸುತ್ತ, ತುಟಿಯನ್ನು ಒಂದಿಷ್ಟು ಸಡಿಲ ಬಿಟ್ಟು, ಕೆಳಗಿನಿಂದ ಜಾರಿಕೊಂಡು ಹೋಗಿ ಅದನ್ನು ಮುಟ್ಟುತ್ತಿದ್ದ. ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತಿದ್ದ. ದೊಡ್ಡ ಡೋಲಿನವನು ಕೋಲು ಎತ್ತಿ ಹಿಡಿದು ಅವನ ಭುಜವನ್ನೇ ನೋಡುತ್ತಿದ್ದ. ಭುಜ ಇಳಿದಾಗಲೇ ಪೆಟ್ಟು. ತವರಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದುದು ಸರಿಯಾಗಿ ಆ ಜಾಗದಲ್ಲಿ. ಕಲ್ಯಾಣದ ಕಂಪನಿ ಊದಿದರೆ ಆ ನಿಲುಗಡೆ ಒಂದು ಥರ, ಹುಮನಾಬಾದದವರು ಊದಿದರೆ ಇನ್ನೊಂದು ಥರ. ಒಂದೇ ರೆಕಾರ್ಡಿನಿಂದ ಕಲಿತ ಹಾಡು ಎರಡು ಥರ ಆಗಿತ್ತೆಂದರೆ ನಡುವೆ ಯಾರದೋ ಸ್ವಂತದ್ದು ಸೇರಿತ್ತು ಎಂದೇ ಅರ್ಥ.

ಅದು ತಾನಾಗಿ ಬಂದದ್ದಲ್ಲ, ಕಲಿಸುವ ಪದ್ಧತಿಯೇ ಹಾಗಿತ್ತು. ಕ್ಲಾರಿನೆಟ್ ಮಾಸ್ತರರು ಹುಡುಗನ ಕೈಗೆ ವಾದ್ಯ ಕೊಡುವ ಮೊದಲು ಸಾಲನ್ನು ಬಾಯಲ್ಲಿ ಹಾಡಿಸುತ್ತಿದ್ದರು. ಕಟ್ಟೆಯ ಮೇಲೆ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ಉಜ್ಜುವ ಕೆಲಸ ನಡೆದಿರುತ್ತಿತ್ತು. ಆ ಹುಳಿ ವಾಸನೆಯಲ್ಲೇ ತಾಲೀಮು. ರೀಡನ್ನು ನಾಲಿಗೆಯ ಮೇಲೆ ನೆನೆಸುತ್ತ, ಮಾತಾಡಲಾಗದೆ, ಹುಬ್ಬಿನಲ್ಲೇ ಸರಿ ತಪ್ಪು ಹೇಳುತ್ತಿದ್ದ ಆ ಮನುಷ್ಯನ ಮುಂದೆ ಒಂದೇ ಅಂತರಾವನ್ನು ಪ್ರತಿ ಹುಡುಗನೂ ಸರದಿಯ ಮೇಲೆ ಊದಬೇಕು. ಹಿಂದಿನವನು ಊದಿದ್ದನ್ನು ಅಚ್ಚೊತ್ತಿದಂತೆ ಊದಿದವನಿಗೆ ಶಹಬ್ಬಾಸ್ ಸಿಗುತ್ತಿರಲಿಲ್ಲ. ಹರಕತ್, ಅಂದರೆ ಸ್ವರದ ಸಣ್ಣ ಕುಸುರಿ, ತಪ್ಪಿದರೂ ಚಿಂತೆಯಿಲ್ಲ, ತನ್ನದೊಂದು ಹಾಕಲು ನೋಡಿದವನ ಬೆನ್ನು ತಟ್ಟುತ್ತಿದ್ದರು. ಬರೆದ ಸ್ವರದ ಹಾಳೆ ಎದುರಿಗಿರಲಿಲ್ಲ, ಹೀಗಾಗಿ ಹಾಳೆಯ ಹಿಂದೆ ಅಡಗುವುದಕ್ಕೂ ಜಾಗವಿರಲಿಲ್ಲ. ಈ ರೀತಿ ಇಲ್ಲಿಗೆ ಹೊಸದೂ ಅಲ್ಲ. ಹುಮನಾಬಾದದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ದತ್ತ ಜಯಂತಿಯ ಸಂಗೀತ ದರ್ಬಾರು ನಡೆದುಬಂದ ನೆಲವಿದು. ರಾಗವನ್ನು ಪ್ರತಿಯೊಬ್ಬ ಗವಾಯಿ ತನ್ನಂತೆ ಬೆಳೆಸುತ್ತಾನೆ ಎಂಬುದು ಇಲ್ಲಿ ಪಾಮರರಿಗೂ ಗೊತ್ತಿದ್ದ ಸಂಗತಿ.

ಬ್ಯಾಂಡ್ ಅಂದರೆ ಗುಂಪು, ಹದಿನೈದು ಮಂದಿ ಹದಿನೈದು ಥರ ಊದಿದರೆ ಸಂತೆಯಾಗುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಸ್ವಾತಂತ್ರ್ಯ ಎಲ್ಲರಿಗೂ ಒಟ್ಟಿಗೆ ಇರಲಿಲ್ಲ. ಯುಫೋನಿಯಂ ಸ್ವರ ಹಿಡಿದು ನಿಲ್ಲಬೇಕು, ಸೈಡ್ ಡ್ರಮ್ಮು ನಡಿಗೆ ಕಾಯಬೇಕು. ಸಾಲು ಕ್ಲಾರಿನೆಟ್ಟಿನದು, ಮಾರುತ್ತರ ಟ್ರಂಪೆಟ್ಟಿನದು. ಕಾಯುವವನೂ ಹಾಡನ್ನು ಒಳಗೊಳಗೇ ಹಾಡಿಕೊಳ್ಳುತ್ತಿದ್ದನಾದ್ದರಿಂದಲೇ ಎಲ್ಲಿಯವರೆಗೆ ಕಾಯಬೇಕೆಂದು ಅವನಿಗೆ ತಿಳಿಯುತ್ತಿತ್ತು. ಇದು ಮದುವೆ ಬ್ಯಾಂಡಿನ ಮಾತಷ್ಟೇ ಅಲ್ಲ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೇ ಕರ್ನಾಟಕ ಬ್ಯಾಂಡೂ ಇತ್ತು. ವಿದೇಶಿ ವಾದ್ಯಗಳಲ್ಲಿ ಕೀರ್ತನೆ ನುಡಿಸಬೇಕೆಂದರೆ ಗಮಕವನ್ನು ಎಲ್ಲರೂ ಒಂದೇ ಕಿವಿಯಿಂದ ಕೇಳಿಸಿಕೊಳ್ಳಬೇಕು. ಆ ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ವಾದ್ಯವನ್ನೇ ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡ ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಗುಂಪಿನ ಶಿಸ್ತಿಗೂ ಒಬ್ಬನ ದನಿಗೂ ಹುಟ್ಟು ಹಗೆತನವಿಲ್ಲ ಎನ್ನಲು ಇಷ್ಟು ಸಾಲದೇ?

ನೆನಪು ಎಲ್ಲವನ್ನೂ ಚೆಂದ ಮಾಡುತ್ತದೆ ಎಂಬ ಇನ್ನೊಂದು ಮಾತನ್ನು ಒಪ್ಪಲೇಬೇಕು. ಚೈತ್ರ ವೈಶಾಖದ ಬಿಸಿಲಿಗೆ ಹಿತ್ತಾಳೆ ಕಾದು ಶ್ರುತಿ ಏರಿ, ಬೇಸುರಾದ ಮೆರವಣಿಗೆಗಳು ಬೇಕಾದಷ್ಟಿದ್ದವು. ಊದುತ್ತಿದ್ದವರು ಬಹುಪಾಲು ದಲಿತರು, ಕೊರವರು, ಬಡ ಮುಸ್ಲಿಮರು. ಚಪ್ಪರದ ಹೊರಗೆ ನಿಂತು ಊದಿ, ಕೊನೆಯ ಪಂಕ್ತಿಯಲ್ಲಿ ಉಳಿದದ್ದನ್ನು ಉಂಡವರು. ಇಸಾರದ ಚೌಕಾಶಿಯಲ್ಲಂತೂ ಬೀಗರ ಹಿರಿಯರು ಊದುವವರನ್ನು ಎಣಿಸುತ್ತಿದ್ದರೇ ವಿನಾ ಕೇಳುತ್ತಿರಲಿಲ್ಲ: ಇಬ್ಬರನ್ನು ಕಮ್ಮಿ ಮಾಡು, ರೇಟು ಇಳಿಸು. ಮಾಸ್ತರರು ಝಾಂಜಿನವನನ್ನು ಬಿಡಲು ಒಪ್ಪುತ್ತಿದ್ದರು, ಖುಳಖುಳಾ ಗಿಲಕಿಯವನನ್ನು ಬಿಡಲು ಒಪ್ಪುತ್ತಿದ್ದರು, ಎರಡನೆಯ ಕ್ಲಾರಿನೆಟ್ಟನ್ನು ಮಾತ್ರ ಬಿಡುತ್ತಿರಲಿಲ್ಲ. ಕಲಿಯುವ ಹುಡುಗ ಊದುತ್ತಿದ್ದುದು ಅದನ್ನೇ. ಆ ಬದುಕು ಮರಳಿ ಬರಲಿ ಎಂದು ಯಾರೂ ಬಯಸಬಾರದು. ಅವರ ಮಕ್ಕಳು ಹೈದರಾಬಾದಿಗೋ ಪುಣೆಗೋ ಹೋಗಿ ಬೇರೆ ಕೆಲಸ ಹಿಡಿದರೆ ಅದು ನ್ಯಾಯವೇ.

ಆದರೆ ಅವಮಾನ ಹೋಗಲಿ ಎಂದರೆ ಕಲೆಯೂ ಹೋಗಬೇಕೆಂದಿಲ್ಲ. ಕಲೆಯನ್ನು ಕೊಂದದ್ದು ಮಕ್ಕಳ ವಿದ್ಯೆಯಲ್ಲ, ಮೊದಲೇ ತುಂಬಿಟ್ಟ ಟ್ರ್ಯಾಕು. ಮೊದಲು ಬ್ಯಾಂಜೋ ಪಾರ್ಟಿ ಬಂತು, ಆಮೇಲೆ ತಳ್ಳುಗಾಡಿಯ ಮೇಲೆ ಕೀಬೋರ್ಡು, ಆಕ್ಟೊಪ್ಯಾಡು. ಕೀಲಿ ಒತ್ತಿದರೆ ಏಳುವ ತಾಳ ಯಾರ ಭುಜವನ್ನೂ ನೋಡುವುದಿಲ್ಲ. ಉಳಿದ ಒಬ್ಬಿಬ್ಬರು ಕ್ಲಾರಿನೆಟ್ಟಿನವರು ಅದರ ಹಿಂದೆ ಏದುಸಿರು ಬಿಡುತ್ತ ಓಡುತ್ತಾರೆ. ಈಗ ಡಿಜೆ, ಇಬ್ಬರು ಆಳು, ಒಂದು ಗಾಡಿ, ಊಟದ ಖರ್ಚೂ ಕಡಿಮೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಎಂಬ 2000ದ ಶಬ್ದಮಾಲಿನ್ಯ ನಿಯಮ ಕಾಗದದಲ್ಲಿದೆ. ವಾದ್ಯಕ್ಕೆಂದೇ ಒಂದು ವಿನೋದವನ್ನು ಮೀಸಲಿಟ್ಟು ಮಾನಸೋಲ್ಲಾಸ ಬರೆದ ಮೂರನೆಯ ಸೋಮೇಶ್ವರನ ರಾಜಧಾನಿಯಾಗಿದ್ದ ಬಸವಕಲ್ಯಾಣದಲ್ಲೇ ಮೆರವಣಿಗೆ ಬಂದರೆ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಶಾಲೆಯ ಬ್ಯಾಂಡ್ ಸೆಟ್ಟುಗಳಾದರೂ ಬೇರೆ ದಾರಿ ಹಿಡಿಯಬಹುದಿತ್ತು. ಅಲ್ಲೂ ಹೆಜ್ಜೆ ಸಮವಾಗಿದ್ದರೆ ಸಾಕು, ಬಹುಮಾನ ಬರುತ್ತದೆ.

ಮುಂದಿನ ಮದುವೆಗೆ ಬ್ಯಾಂಡ್ ಹೇಳುವವರು ಇಸಾರ ಕೊಡುವಾಗಲೇ ಒಂದು ಕರಾರು ಹಾಕಿ. ಮಗಳನ್ನು ಕಳಿಸುವ ಹೊತ್ತಿಗೆ ಕೀಬೋರ್ಡ್ ಬಂದ್ ಆಗಬೇಕು, ಕ್ಲಾರಿನೆಟ್ಟಿನವನು ತನಗೆ ಬೇಕಾದಷ್ಟು ನಿಧಾನಕ್ಕೆ ಊದಬೇಕು, ಜೊತೆಗೊಬ್ಬ ಕಲಿಯುವ ಹುಡುಗ ಇರಬೇಕು. ಅದಕ್ಕೆ ಬೇರೆ ದುಡ್ಡು ಕೊಡಿ, ಮೊದಲ ಪಂಕ್ತಿಯಲ್ಲಿ ಕೂಡಿಸಿ ಊಟ ಹಾಕಿ.